ಅಪ್ಪ ಕೂಗಿಸಿದ ಪದ

ನಮ್ಮ ಊರಿನ ನಡುವೆ ಒಂದು ಕಮರಿ ಇದೆ. ಒಂದು ದಡದಿಂದ ಇನ್ನೊಂದು ದಡಕ್ಕೆ ಕೂಗಿದರೆ ಮೊದಲನೆಯ ಪದ ಮಾತ್ರ ದಾಟುತ್ತದೆ, ಉಳಿದದ್ದೆಲ್ಲ ಕೆಳಗೆ ಬಿದ್ದುಹೋಗುತ್ತದೆ. ಬರೆದು ಕಳಿಸಿದ ಕಾಗದ ನಡುದಾರಿಯಲ್ಲೇ ಬಿಳಿಯಾಗಿಬಿಡುತ್ತದೆ. ಹಿಂದಿನಿಂದಲೂ ಹೀಗೇ. ಮೂಡಣ ದಡದಲ್ಲೊಂದು, ಪಡುವಣ ದಡದಲ್ಲೊಂದು ಕೂಗುಕಟ್ಟೆ ಇದೆ. ಪ್ರತಿ ಮನೆಗೂ ಅದರದೇ ಒಂದು ಬಟ್ಟೆ. ಕೂಗಾಳು ಮೊದಲು ಆ ಬಟ್ಟೆಯನ್ನು ಕಂಬಕ್ಕೆ ಏರಿಸುತ್ತಾನೆ, ಆಚೆಯವರು ನೋಡಿದ್ದು ಖಾತ್ರಿಯಾದ ಮೇಲೆ ಪದ ಕೂಗುತ್ತಾನೆ. "ಹೆರಿಗೆ" ಎಂದರೆ ತುಪ್ಪ, ಬೆಳ್ಳುಳ್ಳಿ ಕಟ್ಟಿಕೊಂಡು ಹೊರಡಬೇಕು. "ಬೇಡ" ಎಂದರೆ ಹೆಣ್ಣು ನೋಡಿ ಹೋದವರು ಒಪ್ಪಿಲ್ಲ ಎಂದು ತಿಳಿಯಬೇಕು. ಹೆಚ್ಚು ಮಾತು ಬೇಕಾದವರು ಹಗ್ಗದ ಬುಟ್ಟಿಯಲ್ಲಿ ಕೂತು ದಾಟಬೇಕು. ಅದರಲ್ಲಿ ಹಿಡಿಸುವುದು ನಾಲ್ಕೇ ಜನ, ಸರದಿ ಯಾವಾಗಲೂ ಉದ್ದ.

ಒಂದು ಪದಕ್ಕೆ ಮಾತ್ರ ಸರದಿ ಇಲ್ಲ. "ಸೀರಿಯಸ್." ಪಡುವಣ ದಡದ ಆಸ್ಪತ್ರೆಗೆ ಹಿಂದೆ ಯಾವಾಗಲೋ ಬಂದ ಡಾಕ್ಟರೊಬ್ಬರು ಬಿಟ್ಟುಹೋದ ಇಂಗ್ಲಿಷ್ ಪದ ಅದು. ಅದು ಬರುವ ಮೊದಲು ಜನ ಏನು ಕೂಗಿಸುತ್ತಿದ್ದರೋ ನಾನು ಕಾಣೆ. ಇನ್ನೂ ಉಸಿರಾಡುತ್ತಿರುವವರ ಬಗ್ಗೆ ಸಾವಿನ ಮಾತನ್ನು ನಮ್ಮ ಬಾಯಿಂದ ಆಡುವುದಾದರೂ ಹೇಗೆ? ಪರಭಾಷೆಯ ಪದವಾದ್ದರಿಂದ ಬಾಯಿಗೆ ಅಷ್ಟು ಸುಡಲಿಲ್ಲ, ಎಲ್ಲರೂ ಅದನ್ನೇ ಹಿಡಿದುಕೊಂಡರು. ಆ ಪದ ಕೇಳಿದ ಮನೆಯವರಿಗೆ ಸರದಿಯಲ್ಲಿದ್ದವರೆಲ್ಲ ದಾರಿ ಬಿಡುತ್ತಾರೆ, ಬೇಗ ದಾಟಲೆಂದು ಬುಟ್ಟಿಯನ್ನೂ ಖಾಲಿ ಮಾಡಿಕೊಡುತ್ತಾರೆ. ಸುಳ್ಳು ಪದ ಕೂಗಿಸಿದರೆ ಶಿಕ್ಷೆಯೂ ಇದೆ. ಆ ಮನೆಯ ಬಟ್ಟೆಯನ್ನು ಒಂದು ವರ್ಷ ಇಳಿಸಿಡುತ್ತಾರೆ. ವರ್ಷ ತುಂಬುವವರೆಗೆ ಅವರಿಗೆ ಪದವಿಲ್ಲ, ಬುಟ್ಟಿಯಿಲ್ಲ, ಆಚೆಯಿಂದ ಅವರ ಮನೆಗೆ ಯಾರೂ ಬರುವಂತೆಯೂ ಇಲ್ಲ.

ನಾನು ಹುಟ್ಟಿದ್ದು ಪಡುವಣ ದಡದಲ್ಲಿ, ಕೊಟ್ಟಿದ್ದು ಮೂಡಣ ದಡಕ್ಕೆ. ಹೆಸರು ದಾಕ್ಷಾಯಿಣಿ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇನೆ. ಅಪ್ಪ ಚನ್ನವೀರಪ್ಪನಿಗೆ ಆ ದಡದಲ್ಲಿ ಗೋಲಿ ಸೋಡಾ ಅಂಗಡಿ. ಜನ ಅಲ್ಲಿಗೆ ಸೋಡಾಕ್ಕಿಂತ ಅಪ್ಪನ ಮಾತಿಗೆ ಬರುತ್ತಿದ್ದರು. ನಗಿಸದೆ ಯಾರ ಕೈಗೂ ಬಾಟಲಿ ಕೊಟ್ಟವನಲ್ಲ ಅವನು. ಕೂಗುಕಟ್ಟೆಯನ್ನೂ ಬಿಟ್ಟಿರಲಿಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಒಮ್ಮೆ "ಆನೆ" ಎಂದು ಕೂಗಿಸಿದ್ದ. ಅಂಗಡಿಗೆ ಆನೆ ನುಗ್ಗಿತೋ ಏನೋ ಎಂದು ನಾನು ಎದ್ದುಬಿದ್ದು ಹೋದರೆ, ಮೊಮ್ಮಗಳಿಗೆಂದು ಕೊಂಡ ಗೇಣುದ್ದದ ಮರದ ಆನೆಯನ್ನು ಕೈಗಿಟ್ಟ. ಪದವೇನೂ ಸುಳ್ಳಾಗಿರಲಿಲ್ಲ, ಯಾರೂ ಕೇಳುವಂತಿರಲಿಲ್ಲ.

ಅದಾದ ಮರುವರ್ಷವೇ ಅವ್ವ ಹೋದಳು. ಅವತ್ತು ಅಪ್ಪ "ಸೀರಿಯಸ್" ಎಂದು ಕೂಗಿಸಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಇದೂ ಇನ್ನೊಂದು ಆನೆಯೇ ಇರಬೇಕು ಎಂದುಕೊಂಡೆ. ಉಳಿದಿದ್ದ ಐದಾರು ರೊಟ್ಟಿ ಬೇಯಿಸಿಟ್ಟು ಹೊರಟೆ. ನಾನು ಹೋಗುವ ಹೊತ್ತಿಗೆ ಅವ್ವನ ಗಲ್ಲಕ್ಕೆ ಬಟ್ಟೆ ಕಟ್ಟಿಯಾಗಿತ್ತು. ಇದನ್ನು ನಾನು ಹನ್ನೊಂದು ವರ್ಷ ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಮಳೆಗಾಲ ಕಳೆದ ಮೇಲೆ ಒಂದು ದಿನ ಆಚೆ ದಡದಲ್ಲಿ ನಮ್ಮ ತವರಿನ ಬಟ್ಟೆ ಏರಿತು. ಹಸಿರು ಅಂಚಿನ ಬಿಳಿ ಬಟ್ಟೆ. ಪದ ಬಂತು: "ಮದುವೆ." ನನಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೆ ಅರವತ್ತಮೂರು. ನಾನೂ ನಮ್ಮ ಕೂಗಾಳಿನಿಂದ "ಲಾಡು" ಎಂದು ವಾಪಸು ಕೂಗಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ "ಮದುವೆ" ಬಂತು. ಈ ಸಲ ನಾನು ಉತ್ತರವನ್ನೂ ಕೊಡಲಿಲ್ಲ. ಯೂನಿಫಾರ್ಮಿನ ಕೆಲಸ ತಲೆಯ ಮೇಲಿತ್ತು.

ಮೂರನೆಯ ಸಲ ಬಟ್ಟೆ ಏರಿದಾಗ ನಾನು ಮಷಿನ್ನಿನ ಮುಂದೆ ಕೂತು ತೋಳು ಕೂಡಿಸುತ್ತಿದ್ದೆ. ಪದ ಕಿವಿಗೆ ಬಿದ್ದದ್ದೇ ಸೂಜಿಯ ಕೆಳಗಿನ ಬಟ್ಟೆ ಅಲ್ಲೇ ಬಿಟ್ಟು ಎದ್ದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಬುಟ್ಟಿಯ ಹತ್ತಿರ ಪೇಟ ಸುತ್ತಿಕೊಂಡ ಮದುಮಗನೂ ಅವನ ಕಡೆಯ ಮೂವರೂ ಆಗಲೇ ಹತ್ತಿ ಕೂತಿದ್ದರು. ನಾನು ಆ ಪದ ಹೇಳಿದೆ. ನಾಲ್ವರೂ ಆ ಕ್ಷಣವೇ ಇಳಿದರು.

ದಾಟುವ ಅರ್ಧ ಗಂಟೆ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಅಂಗಡಿಗೆ ಬಂದರೆ ಅಪ್ಪ ನುಣ್ಣಗೆ ಗಡ್ಡ ಹೆರೆಸಿಕೊಂಡು, ಹೊಸ ಅಂಗಿ ತೊಟ್ಟು, ಸ್ಟೂಲಿನ ಮೇಲೆ ಕೂತಿದ್ದ. ನಾನು ಬಾಟಲಿಯ ಕ್ರೇಟಿನ ಮೇಲೆ ಕುಸಿದು ಕೂತು, ಮೊದಲು ಅತ್ತೆ. ಆಮೇಲೆ ಸಿಟ್ಟು ಬಂತು.

"ಏನಪ್ಪಾ ಇದು? ಸೀರಿಯಸ್ ಅಂತ ಕೂಗಿಸಿದ್ಯಲ್ಲ."

"ಹೂಂ ಕಣವ್ವ. ಸೀರಿಯಸ್ಸಾಗೇ ಇದ್ದೀನಿ. ಆಸ್ಪತ್ರೆ ಆಯಾ ಹೊಂಬಾಳಮ್ಮ ಇದ್ದಾರಲ್ಲ, ಅವರನ್ನ ಮದುವೆ ಆಗಬೇಕು ಅಂತಿದ್ದೀನಿ. ಎರಡು ಸಲ ಕೂಗಿಸ್ದೆ. ನೀನು ಲಾಡು ಅಂದೆ."

"ಬುಟ್ಟಿ ಹತ್ತಿ ಬಂದು ಹೇಳೋಕೆ ಏನಾಗಿತ್ತು?"

"ಬುಟ್ಟೀಲಿ ಕೂತ್ರೆ ನನಗೆ ತಲೆ ಸುತ್ತುತ್ತೆ ಅಂತ ನಿನಗೆ ಗೊತ್ತಲ್ಲ. ಬೇರೆಯವರ ಕೈಲಿ ಹೇಳಿಕಳಿಸೋ ಮಾತಾ ಇದು? ನಿನ್ನ ಕೇಳದೆ ನಾನು ಮುಂದುವರಿಯೋ ಹಂಗಿಲ್ಲ. ನೀನು ಬರಲೇಬೇಕಿತ್ತು."

"ಅವ್ವನಿಗೆ ಕೂಗಿಸಿದ ಪದ ಅದು. ಅದನ್ನ ಹೊಸ ಹೆಂಡ್ತಿಗೆ ಬಳಸೋಕೆ ನಿನಗೆ ನಾಚಿಕೆ ಆಗಲಿಲ್ವಾ?"

ಅಪ್ಪ ಎದ್ದು, ಒರೆಸಿಟ್ಟ ಬಾಟಲಿಯನ್ನೇ ಮತ್ತೆ ಒರೆಸತೊಡಗಿದ. ಅಷ್ಟರಲ್ಲಿ ಕೂಗುಕಟ್ಟೆಯ ಆಳು ಬಂದು, ನಾಳೆ ಬೆಳಿಗ್ಗೆ ಕಟ್ಟೆಗೆ ಬರಬೇಕೆಂದು ಹೇಳಿಹೋದ. ನಾನು ಇಳಿಸಿ ಬಂದ ಮದುಮಗನ ಮುಹೂರ್ತ ಮೀರಿಹೋಗಿತ್ತು. ಮುಂದಿನ ಲಗ್ನಕ್ಕೆ ಮೂರು ಗಂಟೆ ಇತ್ತಂತೆ, ಅಲ್ಲಿಯವರೆಗೆ ಮದುಮಗಳು ಹಸೆಯ ಮೇಲೆ ಕಾಯಬೇಕಿತ್ತು. ಅವಳ ತಂದೆ ಓಂಕಾರಪ್ಪ ದೂರು ಕೊಟ್ಟಿದ್ದ.

ನಾನು ಅಲ್ಲಿಂದ ಎದ್ದವಳೇ ನೇರ ಆಸ್ಪತ್ರೆಗೆ ಹೋದೆ. ಹೊಂಬಾಳಮ್ಮನಿಗೆ ನಾಲ್ಕು ಮಾತು ಅನ್ನಬೇಕೆಂದೇ ಹೋದದ್ದು. ಆಕೆ ಹಿಂದಿನ ವರಾಂಡದಲ್ಲಿ ಒಗೆದ ಹಾಸುಗಳನ್ನು ಮಡಿಸುತ್ತಿದ್ದರು. ಐವತ್ತೈದರ ಆಸುಪಾಸು, ದಪ್ಪ ಮೂಗುಬೊಟ್ಟು, ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾದ ಬೆರಳು. ನನ್ನನ್ನು ನೋಡಿ ಹಾಸನ್ನು ಕೆಳಗಿಟ್ಟು, ಹತ್ತಿರ ಬಂದು, ನನ್ನ ಕೊರಳಿಂದ ಏನನ್ನೋ ತೆಗೆದರು. ಅಳತೆ ಟೇಪು. ಅಷ್ಟು ಹೊತ್ತೂ ಅದು ನನ್ನ ಕೊರಳಲ್ಲೇ ಜೋತಾಡುತ್ತಿತ್ತು. ಅದನ್ನು ಸುರುಳಿ ಸುತ್ತಿ ನನ್ನ ಕೈಯಲ್ಲಿಟ್ಟರು.

"ನೀವು ಚನ್ನವೀರಪ್ಪನೋರ ಮಗಳಲ್ವಾ? ಕೂತ್ಕೊಳಿ. ಕಾಲು ನೋಡಿಕೊಳ್ಳಿ, ರಕ್ತ ಬಂದಿದೆ."

ನಾನು ಬರಿಗಾಲಲ್ಲೇ ಬಂದಿದ್ದೆ. ಆಕೆ ಟಿಂಚರ್ ತಂದು ನನ್ನ ಹೆಬ್ಬೆರಳಿಗೆ ಹಚ್ಚುತ್ತಲೇ ಹೇಳಿದರು, "ನೀವು ಬೈಯೋಕೆ ಬಂದಿದ್ರೆ ಬೈರಿ. ಆದ್ರೆ ಮದುವೆ ನಡೆಯೋಲ್ಲ. ಈಗಷ್ಟೇ ಅವರಿಗೆ ಹೇಳಿಕಳಿಸಿದೆ."

ಹೇಳುತ್ತಲೇ ನನ್ನ ಕಾಲಿಗೆ ಪಟ್ಟಿ ಸುತ್ತತೊಡಗಿದರು.

"ಸೋಡಾ ಬಾಟ್ಲಿ ಒಡೆದು ಅವರ ಕೈ ಸೀಳಿತ್ತು. ಡಾಕ್ಟ್ರು ಹೊಲಿಗೆ ಹಾಕೋವಾಗ ಕೈ ಹಿಡ್ಕೊಂಡಿದ್ದೋಳು ನಾನು. ಆ ನೋವಲ್ಲೂ ನನ್ನ ನಗಿಸಿದ್ರು. ನನ್ನ ಗಂಡ ಹೋಗಿ ಹದಿನೆಂಟು ವರ್ಷ ಆಯ್ತಮ್ಮ. ಈ ಕಟ್ಟಡದಲ್ಲಿ ನಗೋ ಅಂಥದ್ದು ಏನಿರುತ್ತೆ? ಅದಕ್ಕೇ ಒಪ್ಪಿದ್ದೆ. ಆದ್ರೆ ಈ ಪದ ಕೇಳಿ ಓಡಿ ಬರೋರನ್ನ ಇಪ್ಪತ್ತೆರಡು ವರ್ಷದಿಂದ ಬಾಗಿಲಲ್ಲಿ ನಿಂತು ನೋಡ್ತಿದ್ದೀನಿ. ಒಬ್ಬರು ಕೈಲಿ ಸೌಟು ಹಿಡ್ಕೊಂಡೇ ಬಂದಿದ್ರು. ಇವತ್ತು ನೀವು ಬಂದ್ರಿ. ಇದರ ಜೊತೆ ಆಟ ಆಡೋ ಮನುಷ್ಯನ ಜೊತೆ ಬಾಳೋಕಾಗಲ್ಲ ನನಗೆ."

ನಾನು ಅನ್ನಬೇಕೆಂದು ಹೋದ ಮಾತನ್ನೆಲ್ಲ ಆಕೆಯೇ ಅಂದಾಗಿತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಕಾಲಿಗೆ ಅವರು ಸುತ್ತಿದ ಪಟ್ಟಿಯ ಮೇಲೆ ಊರಿಕೊಂಡು ಅಂಗಡಿಗೆ ವಾಪಸು ಬಂದೆ.

ಹೊತ್ತು ಮುಳುಗುತ್ತಿತ್ತು. ಗಿರಾಕಿಗಳು ಬಂದವರು ಅಪ್ಪನ ಮುಖ ನೋಡಿ, ಕುಡಿದು, ಸುಮ್ಮನೆ ಹೋಗುತ್ತಿದ್ದರು. ನಾನು ಕ್ರೇಟಿನ ಮೇಲೆ ಕೂತೆ. ಕಡೆಗೆ ನಾನೇ ಬಾಯಿ ಬಿಟ್ಟೆ.

"ಅಪ್ಪ, ಅವ್ವ ಹೋದ ದಿನ ನಾನು ತಕ್ಷಣ ಹೊರಡಲಿಲ್ಲ. ನೀನು ತಮಾಷೆ ಮಾಡ್ತಿದ್ದೀಯ ಅಂದ್ಕೊಂಡೆ. ರೊಟ್ಟಿ ಬೇಯಿಸಿಟ್ಟು ಬಂದೆ."

"ಗೊತ್ತು," ಅಂದ ಅಪ್ಪ. "ನಿನ್ನ ಉಗುರಲ್ಲಿ ಹಿಟ್ಟಿತ್ತು. ಒದ್ದೆ ಹಿಟ್ಟಲ್ಲ, ಒಣಗಿದ್ದು."

"ಹನ್ನೊಂದು ವರ್ಷ ಯಾಕೆ ಕೇಳಲಿಲ್ಲ?"

"ಏನಂತ ಕೇಳಲಿ? ಆನೆ ಅಂತ ಕೂಗಿಸ್ದೋನು ನಾನು. ನಿನ್ನ ಅವ್ವ ಬಾಗಿಲ ಕಡೆಗೇ ನೋಡ್ತಿದ್ಲು. ಈಗ ಬರ್ತಾಳೆ, ಈಗ ಬರ್ತಾಳೆ ಅಂತ ನಾನು ಹೇಳ್ತಾನೇ ಇದ್ದೆ. ಅವತ್ತಿಂದ ನನಗೆ ಒಂದೇ ಭಯ ದಾಕ್ಷಿ. ನಾನು ಬಾಯ್ಬಿಟ್ಟು ಏನೇ ಹೇಳಿದ್ರೂ ನೀನು ನಗ್ತೀಯ ಅಂತ. ಮದುವೆ ಅಂದೆ, ನೀನು ನಕ್ಕೆ. ನೀನು ನಗದೇ ಇರೋ ಪದ ನನ್ನ ಹತ್ರ ಅದೊಂದೇ ಉಳಿದಿತ್ತು."

ಹೇಳಿ ಅವನು ಬಾಗಿಲ ಹಲಗೆಗಳನ್ನು ಒಂದೊಂದಾಗಿ ಜೋಡಿಸತೊಡಗಿದ. ಹೊಲಿಗೆಯ ಗುರುತಿದ್ದ ಕೈಯಿಂದ ಒಂದು ಹಲಗೆ ಜಾರಿತು. ನಾನು ಎದ್ದು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಜನ ಸೇರಿದ್ದರು. ಹೊಂಬಾಳಮ್ಮ ಡ್ಯೂಟಿಯ ಸೀರೆಯಲ್ಲೇ ಬಂದು ಬೇವಿನ ಮರದ ಕೆಳಗೆ ದೂರ ನಿಂತಿದ್ದರು. ಕಟ್ಟೆಯ ಯಜಮಾನ ವಾಮದೇವಯ್ಯನವರು ಹಿಂದೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟ್ರು. ದಡದಿಂದ ದಡಕ್ಕೆ ಯಾವ ಪದಕ್ಕೆ ಯಾವ ಅರ್ಥ ಎಂದು ಬರೆದಿಟ್ಟ ಹಳೆಯ ಪುಸ್ತಕ ಅವರ ಮುಂದಿತ್ತು. ಅವರು ಹಾಳೆ ತಿರುವಿ ಓದಿದರು: "ಸೀರಿಯಸ್. ಪ್ರಾಣಕ್ಕೆ ಅಪಾಯ."

"ಅಪಾಯ ಎಲ್ಲಿತ್ತು ಇವರಿಗೆ?" ಅಂದ ಓಂಕಾರಪ್ಪ. "ಗಡ್ಡ ಹೆರೆಸ್ಕೊಂಡು ಕೂತಿದ್ರಂತೆ. ನನ್ನ ಮಗಳು ಮೂರು ಗಂಟೆ ಹಸೆ ಮೇಲೆ ಕಣ್ಣೀರು ಹಾಕಿದ್ಲು. ಮುಹೂರ್ತ ಮೀರ್ತು, ಇನ್ನೇನಾಗುತ್ತೋ ಅಂತ."

ಮೇಷ್ಟ್ರು ಕನ್ನಡಕ ತೆಗೆದರು. "ಚನ್ನವೀರಪ್ಪ, ಏನಂತೀಯ?"

"ನಾನು ಸೀರಿಯಸ್ಸಾಗೇ ಇದ್ದೆ ಮೇಷ್ಟ್ರೆ. ಹುಟ್ಟಿದ ಮೇಲೆ ಇಷ್ಟು ಸೀರಿಯಸ್ಸಾಗಿ ಯಾವತ್ತೂ ಇದ್ದಿಲ್ಲ."

ಜನರಲ್ಲಿ ಯಾರೋ ನಕ್ಕರು. ಅಪ್ಪ ನಗಲಿಲ್ಲ. ಅದನ್ನು ಕಂಡು ನಕ್ಕವರೂ ಸುಮ್ಮನಾದರು.

"ಇವನು ಹೇಳೋದೂ ತಪ್ಪಲ್ಲ," ಅಂದರು ಮೇಷ್ಟ್ರು ನಿಧಾನವಾಗಿ. "ಇಂಗ್ಲಿಷ್‌ನಲ್ಲಿ ಈ ಪದಕ್ಕೆ ಒಂದೇ ಅರ್ಥ ಅಲ್ಲ. ರೋಗಿ ಸೀರಿಯಸ್ ಅಂದ್ರೆ ಒಂದು. ಮುಖ ಬಿಗಿದುಕೊಂಡು ಕೂತೋನು ಸೀರಿಯಸ್ ಅಂದ್ರೆ ಬೇರೆ. ತಪ್ಪು ಸೀರಿಯಸ್ ಅಂದ್ರೆ ಸಣ್ಣದಲ್ಲ, ಬಿಟ್ಟುಬಿಡೋ ಅಂಥದ್ದಲ್ಲ ಅಂತ. ಆಡಿದ ಮಾತನ್ನ ಮನಸ್ಸಿಟ್ಟು ಆಡಿದ್ದೀನಿ, ಮಾಡೇ ಮಾಡ್ತೀನಿ ಅನ್ನೋನೂ ಸೀರಿಯಸ್ಸೇ. ನಾನೇ ಪಾಠ ಮಾಡಿದ್ದೀನಿ. ನಮ್ಮ ಪುಸ್ತಕದಲ್ಲಿ ಮಾತ್ರ ಒಂದೇ ಬರೆದಿದೆ."

"ನಮ್ಮ ಮನೇಲೂ ಅಂತೀವಲ್ಲ, ಹುಡುಗ ಸೀರಿಯಸ್ಸಾಗಿ ಓದಲ್ಲ ಅಂತ," ಅಂದಳು ಹಿಂದೆ ನಿಂತಿದ್ದ ಹೆಂಗಸೊಬ್ಬಳು.

"ಮನೇಲಿ ಏನಾದ್ರೂ ಅಂದ್ಕೊಳ್ಳಮ್ಮ," ಅಂದ ಓಂಕಾರಪ್ಪ. "ಕಮರಿ ದಾಟೋವಾಗ ಒಂದೇ ಅರ್ಥ ಇರಬೇಕು."

ಮೇಷ್ಟ್ರು ನನ್ನ ಕಡೆ ತಿರುಗಿದರು. ಪದ ನಿಜವೋ ಸುಳ್ಳೋ ಎಂದು ಹೇಳಬೇಕಾದವರು ಕೇಳಿಸಿಕೊಂಡವರು. ನಮ್ಮಲ್ಲಿ ಅದೇ ನಿಯಮ. ಎಲ್ಲರೂ ನನ್ನನ್ನೇ ನೋಡಿದರು. ಸುಳ್ಳು ಎಂದರೆ ಬಟ್ಟೆ ಇಳಿಯುತ್ತದೆ. ನಿಜ ಎಂದರೆ ನಾನು ಈ ಮದುವೆಗೆ ತಲೆಬಾಗಿದಂತೆ. ಮರದ ಕೆಳಗೆ ನಿಂತಿದ್ದ ಹೊಂಬಾಳಮ್ಮ ನೆಲ ನೋಡುತ್ತಿದ್ದರು.

"ನಿಜ," ಅಂದೆ. "ನಾನು ನಮ್ಮಪ್ಪನ್ನ ನಲವತ್ತು ವರ್ಷದಿಂದ ನೋಡ್ತಿದ್ದೀನಿ. ನಿನ್ನೆ ಅವರು ಆಟ ಆಡಲಿಲ್ಲ. ಎರಡು ಸಲ ಸರಿಯಾದ ಪದಾನೇ ಕೂಗಿಸಿದ್ರು, ನಾನೇ ನಕ್ಕೆ. ಹಿಂದೆ ಇನ್ನೊಂದು ಸಲ ನಾನು ಅವರ ಮಾತು ನಂಬದೆ ತಡ ಮಾಡಿದ್ದೆ. ಅವತ್ತು ನಮ್ಮವ್ವ ಕಾಯ್ತಿದ್ಲು." ಆಮೇಲೆ ಹೊಂಬಾಳಮ್ಮನ ಕಡೆಗೆ ತಿರುಗಿದೆ. "ಆ ಪದದ ಭಾರ ಇವರಿಗೆ ಗೊತ್ತಮ್ಮ. ಗೊತ್ತಿದ್ದೇ ಎತ್ತಿಕೊಂಡಿದ್ದು."

ಮೇಷ್ಟ್ರು ಪೆನ್ನು ಎತ್ತಿಕೊಂಡರು. "ಕೇಳಿದೋರು ನಿಜ ಅಂದಮೇಲೆ ಮುಗೀತು. ಇನ್ನು ಮೇಲೆ ಎರಡು ಅರ್ಥ ಅಂತ ಬರೀತೀನಿ. ಯಾರಾದ್ರೂ ಈ ಪದ ಹೇಳ್ಕೊಂಡು ಬಂದ್ರೆ, ಯಾವ ಸೀರಿಯಸ್ಸು ಅಂತ ಬುಟ್ಟಿ ಹತ್ರ ಕೇಳಬೇಕಾಗುತ್ತೆ. ಬೇರೆ ದಾರಿ ಇಲ್ಲ."

"ಬೇಡ ಮೇಷ್ಟ್ರೆ."

ಹೇಳಿದವನು ಅಪ್ಪ. ಎದ್ದು ನಿಂತಿದ್ದ.

"ಅದನ್ನ ಬರೀಬೇಡಿ. ನಿನ್ನೆ ನನ್ನ ಮಗಳು ಬರಿಗಾಲಲ್ಲಿ ಓಡಿ ಬಂದ್ಲು. ಹಂಗೆ ಬರೋರನ್ನ ತಡೆದು ನಿಲ್ಲಿಸಿ, ಯಾವ ಸೀರಿಯಸ್ಸು ಅಂತ ಕೇಳೋದಾ? ಅವರ ಬಾಯಲ್ಲಿ ಏನು ಹೇಳಿಸ್ತೀರಿ? ಸಾಯ್ತಿದ್ದಾರೆ ಅಂತಾನಾ? ಅದನ್ನ ಹೇಳೋಕಾಗದೇ ಇರೋದಕ್ಕೇ ಅಲ್ವಾ ಈ ಪದ ಇಟ್ಕೊಂಡಿರೋದು? ಅದು ಒಂದೇ ಅರ್ಥದ್ದಾಗಿ ಇರಲಿ. ನಾನು ಕೂಗಿಸಿದ್ದು ಸುಳ್ಳು ಅಂತ ಬರ್ಕೊಳ್ಳಿ. ಬಟ್ಟೆ ಇಳಿಸಿ."

"ಅಪ್ಪ," ಅಂದೆ ನಾನು. "ಒಂದು ವರ್ಷ."

"ನನಗೂ ಲೆಕ್ಕ ಬರುತ್ತೆ ಕಣವ್ವ," ಅಂದ. ಅವನ ಕಣ್ಣು ತುಂಬಿತ್ತು. ಓಂಕಾರಪ್ಪನ ಕಡೆ ತಿರುಗಿ ಕೈ ಮುಗಿದ. "ನಿಮ್ಮ ಮಗಳನ್ನ ಅಳಿಸಿದ್ದು ತಪ್ಪಾಯ್ತು."

ಓಂಕಾರಪ್ಪ ಹೆಗಲ ಮೇಲಿನ ಟವೆಲನ್ನು ಸುಮ್ಮನೆ ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ಬಟ್ಟೆ ಇವತ್ತು ಸಾಯಂಕಾಲ ಕೊನೆಯ ಬುಟ್ಟಿ ಹೊರಟ ಮೇಲೆ ಇಳಿಯಲಿ ಎಂದು ತೀರ್ಪಾಯಿತು. ನಾನು ವಾಪಸು ಹೋಗಬೇಕಾದ ಬುಟ್ಟಿ ಅದು.

ಜನ ಇನ್ನೇನು ಚದುರಬೇಕು, ಹೊಂಬಾಳಮ್ಮ ಮರದ ಕೆಳಗಿಂದ ಬಂದರು. ಸೀದಾ ಅಪ್ಪನ ಮುಂದೆ ನಿಂತರು.

"ಸಾಯಂಕಾಲದವರೆಗೆ ಎಷ್ಟು ಹೊತ್ತಿದೆ?"

ಅಪ್ಪನಿಗೆ ಅರ್ಥವಾಗಲಿಲ್ಲ. "ಎಂಟು ಗಂಟೆ ಇರಬಹುದು. ಯಾಕೆ?"

"ಆಗೋದಾದ್ರೆ ಅಷ್ಟರೊಳಗೆ ಆಗಬೇಕು. ಮಗಳು ಇಲ್ಲದೆ ನಾನು ಹಸೆ ಮೇಲೆ ಕೂರೋಲ್ಲ." ಹೇಳಿ ನನ್ನ ಕಡೆ ನೋಡಿದರು. "ನೀವೂ ಮನಸ್ಸಿಂದ ಹೂಂ ಅಂದ್ರೆ ಮಾತ್ರ."

ನಾನು ಹೂಂ ಅಂದೆ. ಅಪ್ಪನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನನ್ನ ಜನ್ಮದಲ್ಲೇ ಅವನಿಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇಷ್ಟು ಹೊತ್ತಲ್ಲಿ ಚಪ್ಪರ ಎಲ್ಲಿಂದ ತರೋದು?" ಎಂದು ಯಾರೋ ಕೇಳಿದರು.

ಓಂಕಾರಪ್ಪ ಎತ್ತಲೋ ನೋಡುತ್ತ ಗೊಣಗಿದ, "ನಮ್ಮ ಮನೆ ಮುಂದಿಂದು ಇನ್ನೂ ಬಿಚ್ಚಿಲ್ಲ. ಪಾಯಸಾನೂ ಮಿಕ್ಕಿದೆ."

ಮಧ್ಯಾಹ್ನ ಮೂರೂವರೆಗೆ ಮದುವೆಯಾಯಿತು. ಹೊಂಬಾಳಮ್ಮನಿಗೆ ಹೊಸ ಸೀರೆ ಸಿಕ್ಕಿತು, ಆದರೆ ಅದಕ್ಕೊಪ್ಪುವ ರವಿಕೆ ಯಾರದೂ ಹಿಡಿಸಲಿಲ್ಲ. ಪಕ್ಕದ ಮನೆಯ ಮಷಿನ್ನಿನ ಮೇಲೆ ನಾನೇ ಒಂದೂವರೆ ಗಂಟೆಯಲ್ಲಿ ಹೊಲಿದುಕೊಟ್ಟೆ. ಬಲತೋಳು ಸ್ವಲ್ಪ ಬಿಗಿಯಾಯಿತು. "ಇರಲಿ ಬಿಡಮ್ಮ, ಕೈ ಎತ್ತಿ ಯಾರಿಗೆ ಹೊಡೀಬೇಕು ನಾನು" ಎಂದರು ಆಕೆ. ಹಿಂದಿನ ದಿನ ಮದುವೆಯಾದ ಹುಡುಗಿ ತನ್ನ ಕೈಯಾರೆ ಅಪ್ಪನ ತಲೆಗೆ ಅಕ್ಷತೆ ಹಾಕಿದಳು. ಐದೂವರೆಗೆ ಅವರಿಬ್ಬರೂ ನನ್ನನ್ನು ಬುಟ್ಟಿಯವರೆಗೆ ಬಿಟ್ಟರು. ಹಗ್ಗ ಎಳೆಯತೊಡಗಿದಾಗ ನಾನು ಹಿಂದಿರುಗಿ ನೋಡಿದೆ. ಕಂಬದಿಂದ ನಮ್ಮ ಬಟ್ಟೆ ಇಳಿಯುತ್ತಿತ್ತು. ಕೂಗಾಳು ಅದನ್ನು ಮಡಿಸಿ ಮೇಷ್ಟ್ರ ಕೈಗೆ ಕೊಟ್ಟ.

ಆ ವರ್ಷ ಸುಲಭವಾಗಿ ಕಳೆಯಲಿಲ್ಲ. ದೀಪಾವಳಿಗೆ ತವರಿನ ಪದ ಬರಲಿಲ್ಲ. ಮಗಳು ದೊಡ್ಡವಳಾದ ಸುದ್ದಿಯನ್ನು ಅವಳ ತಾತನಿಗೆ ತಿಳಿಸಲು ಆಗಲಿಲ್ಲ. ಆಚೆ ಜ್ವರ ಹರಡಿದೆಯೆಂದು ಕೇಳಿದಾಗ ಮೂರು ದಿನ ಊಟ ಸೇರಲಿಲ್ಲ. ಆದರೆ ಕೂಗುವುದಕ್ಕೆ, ದಾಟುವುದಕ್ಕೆ ಮಾತ್ರ ತಡೆ. ನೋಡುವುದಕ್ಕೆ ಯಾರ ತಡೆಯೂ ಇಲ್ಲವೆಂದು ಹೊಳೆಯುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಒಂದು ಸೋಮವಾರ ಬೆಳಿಗ್ಗೆ ದಡದ ಬಂಡೆಯ ಮೇಲೆ ಹೋಗಿ ಕೂತೆ. ಆಚೆ ದಡದ ಬಂಡೆಯ ಮೇಲೆ ಎರಡು ಸಣ್ಣ ಆಕೃತಿಗಳು ಆಗಲೇ ಕೂತಿದ್ದವು. ಅವರು ಅದೆಷ್ಟು ಸೋಮವಾರಗಳಿಂದ ಬಂದು ಕೂರುತ್ತಿದ್ದರೋ.

ಅಷ್ಟು ದೂರದಿಂದ ಮುಖ ಕಾಣುವುದಿಲ್ಲ, ಮಾತಂತೂ ಇಲ್ಲವೇ ಇಲ್ಲ. ಅಪ್ಪ ಎರಡೂ ಕೈ ಆಡಿಸಿ ಏನೋ ಹೇಳುತ್ತಿರುವಂತಿತ್ತು. ಹೊಂಬಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮೊದಲು ಅಳುತ್ತಿದ್ದಾರೇನೋ ಎಂದುಕೊಂಡೆ. ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ಆಕೆ ಸೆರಗು ಬಿಟ್ಟು ಹಿಂದಕ್ಕೆ ವಾಲಿ, ಅಪ್ಪನ ತೊಡೆಗೆ ಪಟಪಟ ಹೊಡೆಯುತ್ತಿದ್ದರು, ಭುಜಗಳೆರಡೂ ಕುಣಿಯುತ್ತಿದ್ದವು. ಅವನು ಏನು ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ನಾನು ಬಂಡೆಯ ಮೇಲೆ ಒಬ್ಬಳೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.